ಕಡೀ ಮನಿಗೆ ಗಾಳಿ

ಹೊಸ ಲ್ಯಾಪ್‌ಟಾಪು ರೊಟ್ಟಿಯಷ್ಟು ತೆಳ್ಳಗ.
ಒಂದ ತೂತು.
ಉಣ್ಣೂದೂ ಅಲ್ಲಿಂದನ, ಮಾತಾಡೂದೂ ಅಲ್ಲಿಂದನ.
ಹಳೇದಕ್ಕ ಮೈತುಂಬ ಕಿವಿ ಇದ್ವು,
ಭಾರ ಭಾಳ ಅಂತ ನಾನ ಮಾರಿದೆ.

ಟೇಬಲ್ ಮ್ಯಾಲ ಬಾಕಳೆ ಸ್ಟುಡಿಯೋದ ಮೂರು ಡ್ರೈವು,
ಮುಳಗುಂದದ ಒಂದು ಮದುವಿ.
ಒಂದರಾಗ ಹೆಣ್ಣಿನ ಕಡೆಯವರು,
ಒಂದರಾಗ ಗಂಡಿನ ಕಡೆಯವರು,
ಮೂರನೇದು ಡ್ರೋನು, ಯಾರ ಕಡೆನೂ ಅಲ್ಲ.
ಮೂರೂ ಒಮ್ಮೆಲೇ ಹಚ್ಚಿದ್ರನ ಲಗ್ನ ಕೂಡತೈತಿ.
ಬೀಗರು ನಾಳೆ ಮುಂಜಾನೆ ಒಯ್ಯಾಕ ಬರತಾರ.

ಹುಬ್ಬಳ್ಳಿ ದುರ್ಗದಬೈಲಿನಿಂದ ತಂದ ಹಬ್ಬು,
ನಾಕು ಬಾಯಿ, ಇನ್ನೂರಾ ನಲವತ್ತು ರೂಪಾಯಿ.
ಎರಡು ಡ್ರೈವು ಸುಮ್ಮನ ಕೂತವು.
ಮೂರನೇದು ಹಚ್ಚಿದೆ,
ಒಳಗ ಏನೋ ಕಟ್ ಕಟ್ ಅಂತು,
ಅಕ್ಷತಿ ಗಾಳ್ಯಾಗ ನಿಂತಿತು.
ಪರದೆ ಮ್ಯಾಲ ಒಂದು ಚೀಟಿ:
ಸರಿಯಾಗಿ ಕಳಿಸಿಕೊಡದ ಕಿತ್ತೀರಿ.
ನಾ ಏನೂ ಕಿತ್ತಿದ್ದಿಲ್ಲ, ಕೈ ಎರಡೂ ಉಡಿಯಾಗ ಇದ್ವು.
ಹಬ್ಬಿಗೆ ಇನ್ನೊಂದು ಹಬ್ಬು ಕಟ್ಟಿದೆ.
ಈಗ ಮೂರೂ ಬಿದ್ದವು.

ಹೊಸ್ತಿಲಕ್ಕ ದಾವಲಸಾಬ ಕಾಕಾ, ನೀರು ಬಿಡಾಂವ,
ಹೆಗಲ ಮ್ಯಾಲ ಆಳೆತ್ತರದ ಕಬ್ಬಿಣದ ಕೀಲಿ.
"ಇವತ್ತ ರಾತ್ರಿ ಎರಡಕ್ಕ ನಿಮ್ಮ ಓಣಿ ಪಾಳಿ."
ಹದಿಮೂರು ದಿನದ ಮ್ಯಾಲ.
ಹೊರಟಾಂವ ಸಪ್ಪಳ ಕೇಳಿ ನಿಂತ.
ಬಗ್ಗಿ, ಡ್ರೈವಿನ ಮ್ಯಾಲ ಎರಡು ಬೆರಳಿಟ್ಟ,
ಪೈಪಿನ ಮ್ಯಾಲ ಇಡೂಹಂಗ.
"ಇದು ಪ್ರೆಶರ್ ಇಲ್ಲದ ನಳ ಉಗುಳೂ ಸಪ್ಪಳ, ತಂಗಿ.
ಇದಕ್ಕ ನೀರು ಎಲ್ಲಿಂದ?"
ತೋರಿಸಿದೆ.
"ಇದೊಂದರಿಂದ?" ನಕ್ಕ.
"ಅರ್ಧ ಇಂಚಿನ ಲೈನಿಗೆ ಟೀ ಹಾಕಿ
ಆ ಟೀಗೆ ಮತ್ತೊಂದು ಟೀ ಹಾಕೀದಿ.
ತೂತು ಹೆಚ್ಚಾದ್ವು, ನೀರು ಹೆಚ್ಚಾಗಲಿಲ್ಲ.
ಕಡೀ ಮನಿಗೆ ಗಾಳಿ ಬರತೈತಿ, ಗಾಳಿ.
ನಡುವ ಒಂದು ಟಾಕಿ ಬೇಕು,
ತನ್ನ ನೀರು ತಾನ ತುಂಬಿಕೊಳ್ಳೂವಂಥಾದ್ದು."
ನಾನು ಡಿಪ್ಲೊಮಾ ಮುಗಿಸಿದಾಕಿ.
ಅಂವಗ ಚಾ ಕೊಡೂದೂ ಮರತೆ.

ಸಂಜೀಕ ಬಾಕಳೆಯವರ ಕಡೆ ಬೇಡಿ ತಂದೆ
ಅಡಾಪ್ಟರ್ ಇರೂ ಹಬ್ಬು. ಇಟ್ಟಂಗಿಯಂಥಾ ಭಾರ, ಹಸರು ದೀಪ.
ಮೂರೂ ಒಮ್ಮೆಲೇ ತಿರುಗಿದ್ವು.
ಕೊಡ ಕೊರಳಿನ ಮಟ ತುಂಬುವಾಗ
ಸಪ್ಪಳ ತೆಳ್ಳಗ ಆಗತೈತಲ್ಲ,
ಹಂಗ.

ರಾತ್ರಿ ಒಂದೂವರಿ.
ಬೆಟಗೇರಿಯ ನಮ್ಮ ಓಣಿ ತುಂಬ ಕೊಡ, ಬಕೀಟು, ನಿದ್ದಿಗಣ್ಣು.
ಆವಾಗ ನೆನಪಾತು:
ನೀರು ಬಿಟ್ಟ ಕೂಡಲೇ ಕಂಬದ ಫ್ಯೂಸ್ ತಗೀತಾರ,
ಯಾರೂ ಮೋಟರ್ ಹಚ್ಚಿ ಎಳೀಬಾರದಂತ.
ಲ್ಯಾಪ್‌ಟಾಪಿಗೆ ಬ್ಯಾಟರಿ ಐತಿ.
ಹಬ್ಬಿಗಿಲ್ಲ.
ಪರದೆ ಇಪ್ಪತ್ತು ನಿಮಿಷ ಅಂತು,
ಆಮ್ಯಾಲ ಹದಿನೆಂಟು, ಮತ್ತ ಮೂವತ್ತೊಂದು,
ನಗರಸಭೆಯವರ ಹಂಗನ ಅದರ ಲೆಕ್ಕ.
ಎರಡಕ್ಕ ಐದು ಕಡಿಮಿ ಇದ್ದಾಗ
ಹನ್ನೊಂದು ಅಂತ ಗಟ್ಟಿ ನಿಂತಿತು.
ಫೋನ್ ಹಚ್ಚಿದೆ.

"ಕಾಕಾ, ಎಲ್ಲಿದ್ದೀರಿ?"
"ನಿಮ್ಮ ವಾಲಿನ ಕಡೆ. ಕೀಲಿ ಹಾಕೀನಿ."
"ಕಡೀ ಮನಿ ಇನ್ನೂ ತುಂಬಿಲ್ಲ."
ಆ ಕಡೆ ಬರೇ ನಾಯಿ ಬೊಗಳೂದು.
"ಎಷ್ಟು?"
"ಹನ್ನೊಂದು ನಿಮಿಷ."
ಕಬ್ಬಿಣ ಕಲ್ಲಿಗೆ ತಾಗಿದ್ದು ಕೇಳಿಸ್ತು.
"ಹಿಂದಿನ ಓಣಿಗೆ ಮೊದಲ ಬಿಡತೀನಿ."

ಗಾಳ್ಯಾಗ ನಿಂತಿದ್ದ ಅಕ್ಷತಿ
ಮ್ಯಾಲಿಂದ, ಎಡದಿಂದ, ಬಲದಿಂದ
ಒಮ್ಮೆಲೇ ಆ ಹುಡುಗಿ ತಲೀ ಮ್ಯಾಲ ಬಿತ್ತು.
ಡ್ರೈವು ಒಂದೊಂದ ಕೇಳಿ, ಹೇಳಿ, ಕಳಿಸಿಕೊಟ್ಟೆ.
ಕರೆಂಟ್ ಹೋತು.
ನಳ ಎರಡು ಸರತೆ ಕೆಮ್ಮಿ
ಕೆಂಪಗ ಒಂದು ಗುಟುಕು ಉಗುಳಿ
ಬಂತು.

ನೀರು ತಡ ಆತಂತ ಓಣಿ ಎಲ್ಲಾ
ದಾವಲಸಾಬನ್ನ ಬೈಯಾಕತ್ತಿತ್ತು.
ಟೊಂಕದ ಮ್ಯಾಲ ಕೊಡ ಇಟಗೊಂಡು
ನಾನೂ ಅವರ ಜೋಡಿ
ಎರಡು ಮಾತು ಬೈದೆ.