ಏಳೋ ಎಂಟೋ

ಬೆಳಗಿನ ಆರಕ್ಕೇ ಮೌಲಾಸಾಬನ ಅಂಗಡಿ ಮುಂದೆ
ಐಸು ತುಂಬಿದ ಫ್ಲಾಸ್ಕು ಹಿಡಿದು ನಿಂತಿರುತ್ತಿದ್ದೆ,
ಲಿಂಗ ಕಟ್ಟಿದ ಕೊರಳು ಸೆರಗಿನೊಳಗೆ ಮುಚ್ಚಿ.
ಕುರಿಯ ಗುರ್ದಾ ಎರಡು, ಈಗ ಕೊಯ್ದದ್ದೇ ಬೇಕು.
"ಮಂದಿ ತೂಕ ಕೇಳ್ತಾರ," ಆತ ನಗುತ್ತಿದ್ದ,
"ನೀವು ಟೈಮ್ ಕೇಳ್ತೀರಿ."

ಬೆವರಿನ ಬೆರಳು ತಾಗಿದರೂ ಹರಿಯುವ ಆರ್‌ಎನ್‌ಎ,
ಅದರ ನಕಲು,
ನಕಲನ್ನು ನುಂಗಿ ಮರಿಹಾಕುವ ಬ್ಯಾಕ್ಟೀರಿಯಾ.
ನಲವತ್ತು ತಟ್ಟೆ, ಲಕ್ಷ ಚುಕ್ಕಿ,
ಫಿಲ್ಮಿನ ಮೇಲೆ ಕಪ್ಪಾದದ್ದು ಒಂದೇ ಒಂದು.
ಅದಕ್ಕೆ ಎರಡು ವರ್ಷ.

ಧಾರವಾಡಕ್ಕೆ ಧಾರವಾಡವೇ ಕತ್ತಲಾದ ರಾತ್ರಿ
ಫಕ್ಕೀರಪ್ಪ ತನ್ನ ಕಂಬಳಿ ಫ್ರೀಜರಿಗೆ ಹೊದಿಸಿ
ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಆಮೇಲೆ ಓದುವುದು. ಕೆಳಗಿಂದ ಮೇಲಕ್ಕೆ,
ನಾನು ಹೇಳುತ್ತೇನೆ, ಅವ ಬರೆಯುತ್ತಾನೆ:
ಜಿ, ಎ, ಎ, ಟಿ, ಮತ್ತೆ ಎ.
"ನಾಕs ಅಕ್ಷರದಾಗ ಇಷ್ಟೊತ್ತನ ಏನ್ ಹೇಳ್ತೈತ್ರೀ ಇದು?"
ಉಪ್ಪು ಹೊರಗೆ ಹಾಕುವ ಪಂಪು, ಫಕ್ಕೀರಪ್ಪ.
ಮೂರು ಕೊಡ್ತದ, ಎರಡು ತರ್ತದ.
"ಲುಕ್ಸಾನಿನ ವ್ಯಾಪಾರ," ಅಂದ,
ಅಂದು, ಮತ್ತೆ ಪೆನ್ನು ಹಿಡಿದ.

ನೀರಿಗೆ ಹೇಸುವ ತುಂಡುಗಳೆಲ್ಲ
ಗ್ರಾಫಿನಲ್ಲಿ ಗುಡ್ಡಗಳಾದವು.
ಅಷ್ಟು ಸಲ ಅದು ಪೊರೆಯನ್ನು ದಾಟುತ್ತದೆ.
ಏಳು ಸ್ಪಷ್ಟ. ಎಂಟನೆಯದು
ಗುಡ್ಡವೋ, ಬರೀ ದಿಬ್ಬವೋ.
"ಏಳು ಅಂತ ಬರಿ," ಸರ್ ಹೇಳಿದರು.

ಮಾಳಮಡ್ಡಿಯ ಮನೆಯಲ್ಲಿ ಸೋದರತ್ತೆ ಅಂಬವ್ವ
ಚಂದ್ರಕಾಳಿ ಸೀರೆಗೆ ಕಸೂತಿ ಹಾಕುತ್ತಿದ್ದಳು.
ಗವಂತಿ ಹೊಲಿಗೆ. ಎಳೆ ಎಣಿಸಿ ಹೊಗಿಸಿ, ಎಳೆ ಎಣಿಸಿ ತೆಗೆದು,
ಗಂಟು ಹಾಕುವಂತಿಲ್ಲ.
ಗ್ರಾಫಿನ ಹಾಳೆ ತಿರುಗಿಸಿ ನೋಡಿ ಕೇಳಿದಳು:
"ದಾರ ಎಲ್ಲಿಂದ ಹೊಂಟದ?"
ಒಳಗಿಂದ.
"ಮುಗದದ್ದು?"
ಒಳಗೇ. ಬಾಲ ಒಳಗಿದೆ ಅಂತ
ಮೊಲದ ಸೀರಮ್ಮು ಸಾಕ್ಷಿ ಹೇಳಿತ್ತು.
"ಹಂಗಾರ ಏಳು ಹೆಂಗ ಆಗ್ತದ?
ಒಂದು ಹೊಲಿಗಿ ಎಣಿಸೂದು ಬಿಟ್ಟೀ ನೋಡು."
ಕನ್ನಡಕ ಏರಿಸಿ, ಸೂಜಿ ಎತ್ತಿಕೊಂಡಳು.

ಹಾಲು ಉಕ್ಕಿತು. ನಾನು ಏಳಲಿಲ್ಲ.

ಮರುದಿನ ಏಳನ್ನು ರಬ್ಬರಿನಲ್ಲಿ ತಿಕ್ಕಿದೆ.
ಹೇಗೆ ಹೊಳೆಯಿತು ಅಂತ ಸರ್ ಕೇಳಿದರು,
ಹೊಳೆಯಿತು ಅಂದೆ.
ಪ್ರಬಂಧದ ಕೃತಜ್ಞತೆಯ ಪುಟದಲ್ಲಿ
ಮಂಡಳಿ ಇದೆ, ಅನುದಾನದ ಸಂಖ್ಯೆ ಇದೆ,
ಅಂಬವ್ವನಿಲ್ಲ, ಮೌಲಾಸಾಬನಿಲ್ಲ,
ಕಂಬಳಿಯಂತೂ ಇಲ್ಲವೇ ಇಲ್ಲ.

ಈಗ ಹತ್ತು ಅಂತಾರೆ, ಎಂಟಲ್ಲ.
ಹರಳಿನ ಚಿತ್ರ ಬಂದಿದೆ, ನನಗೂ ತಪ್ಪಿತ್ತು.
ಆ ಸೀರೆ ನನ್ನಲ್ಲೇ ಇದೆ.
ಕೆಲವು ಸಲ ಸೆರಗಿನ ಹಿಂಬದಿ ಹಿಡಿದು
ಸುಮ್ಮನೆ ಎಣಿಸುತ್ತೇನೆ:
ಹತ್ತಾದರೂ, ದಾರ
ಹೊಂಟಲ್ಲಿಗೇ ಬಂದು ಮುಗಿಯುತ್ತದೆ.