ಮಾದರಿ ಹದಿನೇಳು

ತಂಗಿಯ ಮಗ ಕೋಸುಕೆ ಕತ್ತಿ ಬೀಸುತ್ತಿದ್ದಾನೆ.
ಕತ್ತಿ ಎಂದರೆ ಎಡಗೈಗೆ ನಾಲ್ಕು ಗುಂಡಿ, ಬಲಗೈಗೆ ಮೌಸು.
ಸಕಾಯ್ ಊರು, ಮೂರನೇ ಮಹಡಿ; ರೈಲು ಹಾದಾಗೆಲ್ಲ
ಕಿಟಕಿಯ ಗಾಜು ಗಿಲಗಿಲ, ಅವನ ಕಣ್ಣು ಮಾತ್ರ ಕದಲದು.
ಹಿಂದೆ ಕೂತು ಬಟಾಣಿ ಸುಲಿಯುತ್ತೇನೆ ನಾನು
ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು.

ಒಂದು ಏಟು ನೆಲದಲ್ಲಿ, ಎರಡು ಗಾಳಿಯಲ್ಲಿ,
ಮೇಲೆ ಹಾರಿಸಿದವನನ್ನು ಕೆಳಗಿಳಿಯಗೊಡದೆ
ನಡುವೆ ಒಂದು ಗುಂಡು, ಒಂದು ಗಿರಕಿ, ಮತ್ತೆ ಕತ್ತಿ.
ಹಳದಿ ಕೋಟಿನ ನಾಯಕಿ ನೆಲ ಮುಟ್ಟಿ ಅರೆ ನಿಮಿಷವಾಯಿತು.
ಪರದೆಯ ಮೂಲೆಯಲ್ಲಿ ಅಕ್ಷರ ಏರುತ್ತಿದೆ
ಡಿ, ಸಿ, ಬಿ, ಎ, ಅದರಾಚೆ ಎಸ್,
ಎಸ್ಸಿನ ಪಕ್ಕ ಇನ್ನೊಂದು ಎಸ್, ಹೆಡೆಗೆ ಹೆಡೆ ತಾಗಿ.
ಕೊಂದರೆ ಸಾಲದು ಇಲ್ಲಿ. ಚೆಂದಾಗಿ ಕೊಲ್ಲಬೇಕು.
ಒಂದೇ ಏಟನ್ನು ಎರಡು ಸಲ ಹೊಡೆದರೆ
ಆಟಕ್ಕೇ ಆಕಳಿಕೆ.

"ನೋಡಿದ್ಯಾ, ಚಿಗುಸಾ ದೊಡ್ಡಮ್ಮ?"
ನೋಡಿದೆ, ಮಗು. ನೀನು ನೋಡದ್ದನ್ನು.
ಆ ಬೀಳುವವನು ನನ್ನವನು.

ಹನ್ನೊಂದು ವರ್ಷದ ಹಿಂದೆ, ಒಸಾಕಾದ ಆ ಕಚೇರಿಯಲ್ಲಿ
ನಾಯಕಿಯನ್ನು ಕುಣಿಸಲು ಆರು ಜನ.
ಅವಳ ಕೋಟಿನ ಅಂಚಿಗೇ ಒಬ್ಬ, ಮುರೊಝೋನೊ ಅಂತ;
ಗಾಳಿ ಬೀಸಿದರೆ ಸೇತುವೆಯ ಮೇಲೆ ನಿಂತು
ಹೋಗಿಬರುವವರ ಕೋಟುಗಳನ್ನೇ ದಿಟ್ಟಿಸುತ್ತಿದ್ದ,
ಪೊಲೀಸರು ಒಮ್ಮೆ ಹೆಸರು ಕೇಳಿದ್ದರು.
ನನ್ನ ಪಾಲಿಗೆ ಬಂದದ್ದು ಮಾದರಿ ಹದಿನೇಳು.
ಸಾಮಾನ್ಯ ಶತ್ರು. ಕುಳ್ಳ. ಮುಖಕ್ಕೆ ಗೋಣಿಚೀಲ.
ನಡೆಸುವವರು ಬೇರೆ. ನಾನು ಬೀಳಿಸಬೇಕು, ಒಂಬತ್ತು ಬಗೆ.
"ನಲವತ್ತು ಫ್ರೇಮು ಸಾಕು," ಅಂದರು, "ಯಾರು ನೋಡುತ್ತಾರೆ?"

ಎಲ್ಲರೂ ಕೊನೆಯ ರೈಲಿಗೆ ಓಡಿದಮೇಲೆ
ಸಭೆಯ ಕೋಣೆಯಲ್ಲಿ ಹಾಸಿಗೆ ಹಾಸಿ, ಕ್ಯಾಮೆರಾ ಇಟ್ಟು
ಅಂಗಾತ ಬಿದ್ದೆ. ಬೋರಲು ಬಿದ್ದೆ. ಮಗ್ಗುಲಿಗೆ ಬಿದ್ದೆ.
ಮಂಡಿಯೂರಿ, ತಡೆದು, ಏನೋ ನೆನಪಾದಂತೆ ಬಿದ್ದೆ.
ನೋಡಿದರೆ ಎಲ್ಲ ಸುಳ್ಳು.
ಹಾಸಿಗೆ ಎಲ್ಲಿದೆಯೆಂದು ಬೆನ್ನಿಗೆ ಗೊತ್ತಿತ್ತು.
ಮೂವತ್ತೆಂಟನೆಯ ಸಲ ಕಾಲಿಗೆ ತಂತಿ ತೊಡರಿ
ನಿಜಕ್ಕೂ ಬಿದ್ದೆ, ಹಾಸಿಗೆಯಾಚೆ, ಬರಿ ನೆಲಕ್ಕೆ.
ಆಗ ಎಡಗೈ ತಾನಾಗಿ ಮುಂದೆ ಬಂತು
ಬೆರಳು ಬಿಚ್ಚಿ,
ಅಲ್ಲಿ ಯಾರೋ ಇದ್ದಾರೆ ಎಂಬಂತೆ.
ಮಣಿಕಟ್ಟು ಉಳುಕಿತು. ಆ ಕೈಯನ್ನೇ ಕುಳ್ಳನಿಗೆ ಕೊಟ್ಟೆ.
ಆರು ಫ್ರೇಮು. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ.
ಆಟದ ಕೊನೆಗೆ ಹರಿಯುವ ಹೆಸರುಗಳಲ್ಲಿ ನನ್ನದೂ ಇದೆ,
ಒಂದು ಅಕ್ಷರ ತಪ್ಪಾಗಿ.

"ಕೊಡು ನೋಡೋಣ," ಅಂದೆ. ನಕ್ಕು ಕುರ್ಚಿ ಬಿಟ್ಟ.
ಎರಡು ಸಲ ಸತ್ತೆ. ಒಮ್ಮೆ ಗೋಡೆಯೊಡನೆ ಕಾದಾಡಿದೆ.
ಮೂರನೆಯ ಸಲ ಬಂದರು ಹದಿನೇಳರವರು, ಐದು ಜನ.
ಸುತ್ತುವರಿದರೂ ಎಲ್ಲರೂ ಒಟ್ಟಿಗೆ ಮೇಲೆ ಬೀಳರು,
ಇಬ್ಬರು ಮಾತ್ರ; ಉಳಿದವರು ಕತ್ತಿ ಎತ್ತಿ ಸರದಿ ಕಾಯುತ್ತಾರೆ
ಬಸ್ಸಿಗೆ ನಿಂತವರ ಹಾಗೆ. ಹಾಗೆಂದು ಅವರಿಗೆ ಹೇಳಿಟ್ಟಿದೆ.
ನಾನೂ ನಿಂತೆ.
"ಹೊಡಿ ದೊಡ್ಡಮ್ಮ, ಅಕ್ಷರ ಇಳೀತಿದೆ!"
ಇಳಿಯಲಿ. ಸಿ ಆಯಿತು. ಡಿ ಆಯಿತು.
ಆಮೇಲೆ ಅಕ್ಷರವೇ ಇಲ್ಲದ ಬರಿ ಮೂಲೆ.
ಗಿರಕಿಯಿಲ್ಲ, ಜಿಗಿತವಿಲ್ಲ, ಒಂದು ಸಾದಾ ಏಟು.
ಬಿದ್ದ. ಬೀಳುವಾಗಲೇ ಆಟ ನಿಲ್ಲಿಸಿದೆ.

ಪರದೆ ತುಂಬ ಆ ಕೈ.
ಕೋಸುಕೆ ಹತ್ತಿರ ಬಗ್ಗಿದ. ತುಸು ಹೊತ್ತು ನೋಡಿದ.
"ಇವನ್ಯಾಕೆ ಹೀಗೆ ಕೈ ಚಾಚಿದಾನೆ? ಬಗ್ ಇರಬೇಕು."
"ಇರಬಹುದು," ಅಂದೆ.

ಮತ್ತೆ ಅವನು ಕುರ್ಚಿಗೆ, ನಾನು ಬಟಾಣಿಗೆ.
ಮತ್ತೆ ಹಳದಿ ಕೋಟು, ಗಾಳಿ, ಗಿರಕಿ, ಹೆಡೆಯೆತ್ತಿದ ಅಕ್ಷರ.
ರೈಲು ಬಂತು, ಹೋಯಿತು.
ಇದ್ದಕ್ಕಿದ್ದಂತೆ ಎಸ್ಸಿನಿಂದ ಧೊಪ್ಪನೆ ಬಿ.
"ಬೆರಳು ಜಾರಿತು," ಅಂದ, ತಿರುಗಿ ನೋಡದೆ.
ನಾನು ಮಾತಾಡಲಿಲ್ಲ. ಬಟಾಣಿ ಯಾವಾಗಲೋ ಮುಗಿದಿತ್ತು,
ಸಿಪ್ಪೆಯನ್ನೇ ಸುಲಿಯುತ್ತಿದ್ದೆ.