ಮೂವತ್ತಾರು ಮೆಟ್ಟಿಲು

ಕೌಲ್ ಬಜಾರಿನ ಈ ಮೂರಂತಸ್ತಿನಲ್ಲಿ
ಎಲ್ಲದರ ಮೇಲೂ ಜೀನ್ಸಿನ ನೀಲಿ ಧೂಳು:
ಕೀಲಿಮಣೆಯ ಸಂದಿಗೆ, ಫ್ಯಾನಿನ ರೆಕ್ಕೆಗೆ,
ಕಟಿಂಗ್ ಮಾಸ್ತರು ಮಸ್ತಾನ್‌ವಲಿಯ ಹುಬ್ಬಿಗೆ.

ಅವರ ಯಂತ್ರ ಕೆಳಗೆ. ಹದಿನೇಳು ವರ್ಷದ ವಿಂಡೋಸು.
ಅಳತೆ ಬರೆಯುವ ಪ್ಲಾಟರಿಗೆ
ಅದರ ಮಾತು ಬಿಟ್ಟು ಬೇರೆಯವರದು ತಿಳಿಯದು.
ನಡುವೆ ಬಿಲ್ಲಿಂಗು,
ಗಾದಿಲಿಂಗಪ್ಪ ಕಾಸು ಉಳಿಸಲು ಹಾಕಿಸಿದ ಲಿನಕ್ಸು.
ಮೇಲೆ ಡಿಸೈನಿನ ಫರ್ಹಾನಾ, ಎದುರಿಗೆ
ಕಚ್ಚಿದ ಸೇಬು, ಅದಕ್ಕೊಂದು ಟರ್ಕಿ ಟವೆಲ್ಲಿನ ಮುಸುಕು.

ಇಷ್ಟು ದಿನ ಇಲ್ಲಿ ನೆಟ್‌ವರ್ಕು ಅಂದರೆ
ಯಂಕೋಬ.
ಕೊರಳಲ್ಲಿ ತಾಯಿತದ ಜೊತೆ ಪೆನ್‌ಡ್ರೈವು,
ಮೂವತ್ತಾರು ಮೆಟ್ಟಿಲು, ದಿನಕ್ಕೆ ಎಷ್ಟೋ ಸಲ.

ಗೋಡೆ ಕೊರೆದೆ. ಎಂಟು ಎಳೆ ಬಿಡಿಸಿದೆ:
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ...
"ನೀಲಿ ನಾಕನೇದಾ?" ಅಂದರು ಮಾಸ್ತರು,
ಮನೆಯವರಿಗೆ ಅವಮಾನವಾದಂತೆ.

ತಂತಿ ಸುಲಭ. ರಗಳೆ ಆಮೇಲೆ.
ಒಂದಕ್ಕೆ ದಾರಿ ಅಂದರೆ ಎಡಕ್ಕೆ ವಾಲಿದ ಗೆರೆ,
ಇನ್ನೊಂದಕ್ಕೆ ಬಲಕ್ಕೆ.
ಲಿನಕ್ಸಿಗೆ ದೊಡ್ಡ ಎಸ್ಸು ಬೇರೆ, ಸಣ್ಣ ಎಸ್ಸು ಬೇರೆ;
ವಿಂಡೋಸಿಗೆ ಇಬ್ಬರೂ ಒಬ್ಬರೇ.
ಸೇಬು ಹೋದಲ್ಲೆಲ್ಲ ಒಂದು ಅಡಗಿದ ಕಡತ ಬಿಟ್ಟು ಬರುತ್ತದೆ,
ಬೀಗರ ಮನೆಯಲ್ಲಿ ಎಲೆಯಡಿಕೆ ಚೀಲ ಮರೆತ ಹಾಗೆ.
ಕೆಳಗೆ ನುಡಿಯಲ್ಲಿ ಟೈಪಿಸಿದ ಸಿಂಧನೂರು
ಮೇಲೆ ತೆರೆದರೆ ಟೋಪಿಯಿಟ್ಟ ಅಕ್ಷರ, ಪೌಂಡಿನ ಗುರುತು.
ಒಂದು ಊರನ್ನು ಓದುವ ಹಾಗೆ ಮಾಡಲು
ಮೊದಲ ರಾತ್ರಿ ಪೂರ್ತಿ ಹೋಯಿತು.

ಹೊಸದು ಹಳೆಯದರ ಕೂಡ ಮಾತೇ ಆಡಲೊಲ್ಲದು.
ಅದರ ಭಾಷೆಗೆ ಬೀಗವಿಲ್ಲವಂತೆ. ನಿಜ.
ಲಿನಕ್ಸನ್ನು ನಡುವೆ ಕೂರಿಸಿದೆ:
ಕೆಳಕ್ಕೆ ಹಳೇ ಮಾತು, ಮೇಲಕ್ಕೆ ಹೊಸ ಮಾತು,
ಮುದುಕನನ್ನು ಹೊರಗಿನ ಗಾಳಿಗೆ ಬಿಡದ ಹಾಗೆ.
ಮಾಲೀಕನಿಗೆ ತೆಲುಗು, ಫೋನಿಗೆ ದಖ್ಖನಿ ಆಡುತ್ತಿದ್ದ ಮಾಸ್ತರು
ಉಸಿರು ಬದಲಿಸದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ,
"ಇಷ್ಟಕ್ಕ ಎರಡು ದಿನಾನಾ?"

ಸಂಜೆ ಆರೂಕಾಲಿಗೆ ಪಿಂಗ್ ಕಳಿಸಿದೆ.
ನಾಲ್ಕು ಹೋದವು. ನಾಲ್ಕೂ ಬಂದವು.
ಮೇಲಿಂದ ಫರ್ಹಾನಾ ಬಿಟ್ಟ ಜೇಬಿನ ನಕ್ಷೆ
ಕೆಳಗೆ ಕರಕರ ಬರೆದುಕೊಂಡಿತು.

ಯಂಕೋಬ ಕೊರಳ ದಾರ ಬಿಚ್ಚಿ ಮೇಜಿಗಿಟ್ಟ,
ತಾಯಿತದ ಸಮೇತ.
ತುಸು ಹೊತ್ತಿಗೆ ತಾಯಿತ ಮಾತ್ರ
ಬಿಡಿಸಿ ತಿರುಗಿ ಕಟ್ಟಿಕೊಂಡ.

ನಾನು ಕೂಲಿಯ ಚೀಟಿ ಬರೆಯುತ್ತಿದ್ದೆ.
ಮಾಸ್ತರು ಪರದೆಯಿಂದ ಕಣ್ಣು ತೆಗೆಯದೆ:
"ಯಂಕೋಬಾ, ಮ್ಯಾಲಕ್ಕ ಹೋಗಿ ಕೇಳ್ಕಂಡು ಬಾರಲೇ,
ನಾ ಕಳಿಸಿದ್ದು ಮುಟ್ಟಿತಂತಾ?"